ಹಳೇ ಬಸ್ಸೇ ಮನೆ, ಹೊರಗೆ ಹಿಮ: ಓದುಗರ ಪ್ರಶ್ನೆಗಳು

ಬಸ್ಸನ್ನು ಮನೆ ಮಾಡಿಕೊಳ್ಳುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಅದರಲ್ಲಿ ಹಿಮ ಬೀಳುವ ಕಡೆ ಇರುವವರ ಪ್ರಶ್ನೆಗಳನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇನೆ. ಒಂದೇ ಪ್ರಶ್ನೆಯನ್ನು ನಾಲ್ಕು ಜನ ಕೇಳಿದ್ದರೆ ಒಂದಾಗಿ ಸೇರಿಸಿದ್ದೇನೆ. ಅಡುಗೆಮನೆ ಎಲ್ಲಿರಬೇಕು, ಬಣ್ಣ ಯಾವುದು ಚೆನ್ನ ಅಂತ ಕೇಳಿದವರು ಸ್ವಲ್ಪ ತಾಳಿ. ಚಳಿ ದೇಶದಲ್ಲಿ ಅದೆಲ್ಲ ಆಮೇಲಿನ ಮಾತು.

ಪ್ರಶ್ನೆ: ಹತ್ತು ಮೀಟರ್ ಉದ್ದದ ಹಳೇ ಶಾಲಾ ಬಸ್ಸು ಸಿಕ್ಕಿದೆ. ನಾನು, ನನ್ನ ಹೆಂಡತಿ ಇಬ್ಬರೇ ಇರೋದು. ಚಳಿಗಾಲದಲ್ಲಿ ಇಲ್ಲಿ ಮೈನಸ್ 20 ಡಿಗ್ರಿ ಸಾಮಾನ್ಯ. ಎಷ್ಟು ದೊಡ್ಡ ಹೀಟರ್ ಹಾಕಿಸಬೇಕು? ಒಬ್ಬರು 5 ಕಿಲೋವ್ಯಾಟ್ ಸಾಕು ಅಂತಾರೆ, ಇನ್ನೊಬ್ಬರು 10 ಇದ್ದರೂ ಸಾಲಲ್ಲ ಅಂತಾರೆ.

ಇಬ್ಬರೂ ಸರಿಯೇ. ಒಬ್ಬರು ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಹೊದಿಕೆ) ಆದ ಬಸ್ಸಿನ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಬರೀ ತಗಡಿನ ಬಸ್ಸಿನ ಮಾತಾಡುತ್ತಿದ್ದಾರೆ, ಅಷ್ಟೇ.

ಲೆಕ್ಕ ಹಾಕೋಣ. ನಿಮ್ಮ ಬಸ್ಸು 10 ಮೀಟರ್ ಉದ್ದ, ಒಳಗೆ ಸುಮಾರು 2.3 ಮೀಟರ್ ಅಗಲ, 1.9 ಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ನಾಲ್ಕು ಗೋಡೆ, ಚಾವಣಿ, ನೆಲ ಎಲ್ಲ ಸೇರಿ ಹತ್ತಿರ ಹತ್ತಿರ 93 ಚದರ ಮೀಟರ್. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 20. ಅಂದರೆ 40 ಡಿಗ್ರಿ ವ್ಯತ್ಯಾಸ. ಬರೀ ತಗಡು, ಒಂಟಿ ಗಾಜು ಇದ್ದರೆ ಈ ಬಸ್ಸು ಸದಾ 18 ಕಿಲೋವ್ಯಾಟ್ ಆಸುಪಾಸಿನಲ್ಲಿ ಶಾಖ ಹೊರಗೆ ಚೆಲ್ಲುತ್ತದೆ. ಅದನ್ನು ಬಿಸಿ ಇಡೋಕೆ ಹೊರಟರೆ ನೀವು ಇಡೀ ಚಳಿಗಾಲ ಸೌದೆ ಹೊರುವುದೇ ಕೆಲಸ.

ಈಗ ಗೋಡೆ, ಚಾವಣಿ, ನೆಲಕ್ಕೆಲ್ಲ 2 ಇಂಚು ಒಳ್ಳೆಯ ಫೋಮ್ ಹಾಕಿ. ಅವುಗಳಿಂದ ಹೋಗುವ ಶಾಖ 2 ಕಿಲೋವ್ಯಾಟಿಗೆ ಇಳಿಯುತ್ತದೆ. ಆದರೆ ಕಿಟಕಿಗಳನ್ನು ಹಾಗೇ ಬಿಟ್ಟಿದ್ದರೆ? ಅರ್ಧ ಚದರ ಮೀಟರಿನ 22 ಒಂಟಿ ಗಾಜಿನ ಕಿಟಕಿಗಳು ಅಂದರೆ 11 ಚದರ ಮೀಟರ್. ಅಷ್ಟರಿಂದಲೇ 2.5 ಕಿಲೋವ್ಯಾಟ್ ಹೋಗುತ್ತದೆ. ನೋಡಿ, ಇಡೀ ಬಸ್ಸಿನ ಗೋಡೆ, ಚಾವಣಿ, ನೆಲ ಎಲ್ಲ ಸೇರಿ ಕಳೆಯೋದಕ್ಕಿಂತ ಆ ಗಾಜೇ ಜಾಸ್ತಿ ಕಳೆಯುತ್ತದೆ! ಜನ ಗೋಡೆಗೆ ದುಡ್ಡು ಸುರಿದು, 'ಬೆಳಕು ಚೆನ್ನಾಗಿ ಬರುತ್ತೆ' ಅಂತ ಕಿಟಕಿ ಅಷ್ಟನ್ನೂ ಉಳಿಸಿಕೊಂಡು, ಆಮೇಲೆ ಹೀಟರ್ ಸರಿ ಇಲ್ಲ ಅಂತ ಬೈಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಗಾಗಿ ನನ್ನ ಮಾತು ಇಷ್ಟು: ನಾಲ್ಕು ಕಿಟಕಿ ಇಟ್ಟುಕೊಳ್ಳಿ, ಅವಕ್ಕೆ ಜೋಡಿ ಗಾಜು ಹಾಕಿಸಿ. ಉಳಿದದ್ದನ್ನು ಬಿಚ್ಚಿ, ಹೊರಗಿನಿಂದ ತಗಡು ಹೊಡೆದು, ಒಳಗೆ ಗೋಡೆಗೆ ಹಾಕಿದಷ್ಟೇ ಫೋಮ್ ತುಂಬಿ. ಆಗ 2.5 ಇದ್ದದ್ದು ಅರ್ಧ ಕಿಲೋವ್ಯಾಟಿಗೂ ಕೆಳಗೆ ಬರುತ್ತದೆ. ಉಳಿಸುವ ಕಿಟಕಿಗಳು ಬಿಸಿಲು ಬೀಳುವ ಪಕ್ಕದಲ್ಲಿರಲಿ. ಆದರೆ ತುರ್ತು ಬಾಗಿಲು ಮಾತ್ರ ಮುಚ್ಚಬೇಡಿ, ಹೊರಬರಲು ಎರಡು ದಾರಿ ಇರಲೇಬೇಕು.

ಇನ್ನೊಂದು, ಡ್ರೈವರ್ ಮುಂದಿನ ದೊಡ್ಡ ಗಾಜು, ಆಮೇಲೆ ಮಡಚುವ ಬಾಗಿಲು. ಆ ಬಾಗಿಲಿನ ರಬ್ಬರ್ ಎಷ್ಟೇ ಹೊಸದಿರಲಿ, ಸಂದಿಯಲ್ಲಿ ಗಾಳಿ ಬರುತ್ತದೆ. ಇವೆರಡನ್ನೂ ಬೆಚ್ಚಗಿಡುವ ಆಸೆ ಬಿಟ್ಟುಬಿಡಿ. ಡ್ರೈವರ್ ಸೀಟಿನ ಹಿಂದೆ ಒಂದು ಗೋಡೆ, ಅದಕ್ಕೊಂದು ಬಾಗಿಲು ಮಾಡಿ. ಮುಂದಿನ ಭಾಗ ಬೂಟು, ಕೋಟು ಬಿಚ್ಚಿಡುವ ಜಾಗವಾಗಲಿ. ಬಾಗಿಲು ತೆರೆದಾಗಲೆಲ್ಲ ಒಳಗಿನ ಬಿಸಿ ಗಾಳಿ ಓಡಿಹೋಗುವುದೂ ತಪ್ಪುತ್ತದೆ.

ಇಷ್ಟೆಲ್ಲ ಮಾಡಿ, ಗಾಳಿ ಬದಲಾಗಲು ಅರ್ಧ ಮುಕ್ಕಾಲು ಕಿಲೋವ್ಯಾಟ್ ಸೇರಿಸಿದರೆ ಒಟ್ಟು 3, 3.5 ಕಿಲೋವ್ಯಾಟ್. 5 ಕಿಲೋವ್ಯಾಟ್ ಹೀಟರ್ ಧಾರಾಳ ಸಾಕು.

ಪ್ರಶ್ನೆ: ಇನ್ಸುಲೇಷನ್ ಮಾಡಿಸಿದ್ದೇನೆ, ಗ್ಯಾಸ್ ಹೀಟರ್ ಇಡೀ ದಿನ ಉರಿಯುತ್ತದೆ, ಒಳಗೆ ಬೆಚ್ಚಗಿದೆ. ಆದರೂ ಗೋಡೆಯಿಂದ ನೀರು ಇಳಿಯುತ್ತದೆ. ಹಾಸಿಗೆ ಎತ್ತಿ ನೋಡಿದರೆ ಕೆಳಗೆಲ್ಲ ಕಪ್ಪು ಬೂಷ್ಟು. ಚಾವಣಿ ಸೋರುತ್ತಿದೆ ಅಂತ ಎರಡು ಸಲ ಸೀಲ್ ಮಾಡಿಸಿದೆ, ಏನೂ ಪ್ರಯೋಜನ ಆಗಲಿಲ್ಲ.

ಚಾವಣಿ ಸೋರುತ್ತಿಲ್ಲ. ಆ ನೀರು ನಿಮ್ಮದೇ.

ಬಸ್ ಮನೆಯಲ್ಲಿ ಬಿಸಿ ಮಾಡೋದು ಸುಲಭ, ಒಣಗಿಸಿ ಇಡೋದು ಕಷ್ಟ. ಒಬ್ಬ ಮನುಷ್ಯ ಉಸಿರು, ಬೆವರಿನಿಂದಲೇ ದಿನಕ್ಕೆ ಸುಮಾರು 1 ಲೀಟರ್ ನೀರನ್ನು ಗಾಳಿಗೆ ಬಿಡುತ್ತಾನೆ. ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ ಬೇರೆ. ದೊಡ್ಡ ಮನೆಯಲ್ಲಿ ಇದು ಗೊತ್ತಾಗೋದೇ ಇಲ್ಲ. ನಿಮ್ಮದು 40 ಚಿಲ್ಲರೆ ಘನ ಮೀಟರಿನ ಒಂದೇ ಕೋಣೆ. ತಣ್ಣೀರು ತುಂಬಿದ ಚೊಂಬು ಬೆವರುತ್ತದಲ್ಲ, ಹಾಗೆ ಆ ತೇವವೆಲ್ಲ ಎಲ್ಲಿ ತಣ್ಣಗಿನ ಲೋಹ ಸಿಗುತ್ತದೋ ಅಲ್ಲಿ ಹೋಗಿ ಕೂರುತ್ತದೆ. 20 ಡಿಗ್ರಿ ಗಾಳಿಯಲ್ಲಿ ತೇವಾಂಶ ಶೇಕಡಾ 50 ಇದ್ದರೆ, 9 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೇಲ್ಮೈ ಮೇಲೆ ನೀರು ಕಟ್ಟುತ್ತದೆ. ನಿಮ್ಮ ಹೊರತಗಡು ಮೈನಸ್ 18ರಲ್ಲಿ ಇರುತ್ತದೆ!

ಇನ್ನು ನಿಮ್ಮ ಗ್ಯಾಸ್ ಹೀಟರ್. ಅದಕ್ಕೆ ಹೊಗೆ ಕೊಳವೆ ಇಲ್ಲ ಅಲ್ವಾ? ಪತ್ರದಲ್ಲಿ ಎಲ್ಲೂ ಅದರ ಮಾತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. 1 ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರು ಹುಟ್ಟುತ್ತದೆ. ಉರಿದ ಗ್ಯಾಸಿಗಿಂತ ನೀರೇ ಜಾಸ್ತಿ, ಯಾಕೆಂದರೆ ಅದು ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಳ್ಳುತ್ತದೆ. 3 ಕಿಲೋವ್ಯಾಟ್ ಹೀಟರ್ ಹತ್ತು ಗಂಟೆ ಉರಿದರೆ ನಾಲ್ಕು ಲೀಟರಿನಷ್ಟು ನೀರು ನಿಮ್ಮ ಕೋಣೆಯೊಳಗೇ ಉಳಿಯುತ್ತದೆ. ಬೆಚ್ಚಗಾಗಲಿ ಅಂತ ಜಾಸ್ತಿ ಉರಿಸಿದಷ್ಟೂ ಗೋಡೆ ಜಾಸ್ತಿ ಒದ್ದೆ. ಮೊದಲು ಅದನ್ನು ತೆಗೆಯಿರಿ. ಹೊಗೆ ಹೊರಗೆ ಹೋಗುವ, ಉರಿಯುವ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಳ್ಳುವ ಹೀಟರ್ ಹಾಕಿ.

ಆಮೇಲೆ ಒಂದು ಪರೀಕ್ಷೆ ಮಾಡಿ. ತುಂಬಾ ಚಳಿ ಇದ್ದ ರಾತ್ರಿಯ ಮಾರನೇ ಬೆಳಗ್ಗೆ, ದೀಪ ಹಚ್ಚುವ ಮೊದಲು, ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಲಾಗಿ ಬೆಳಕು ಬಿಡಿ. ಸ್ಕ್ರೂ, ರಿವೆಟ್ ತಲೆಗಳ ಮೇಲೆ ಸಾಲಾಗಿ ಬಿಳಿ ಚುಕ್ಕೆ ಕಾಣಿಸುತ್ತವೆಯಾ? ಪ್ರತಿಯೊಂದೂ ಸಾಸಿವೆ ಕಾಳಿನಷ್ಟು ಮಂಜುಗಡ್ಡೆ. ಆ ಸಾಲು ಎಲ್ಲಿದೆಯೋ ಅದರ ಹಿಂದೆ ಬಸ್ಸಿನ ಕಬ್ಬಿಣದ ಪಕ್ಕೆ (ಚೌಕಟ್ಟಿನ ಕಂಬಿ) ಇದೆ. ನಿಮಗೆ ಇನ್ಸುಲೇಷನ್ ಮಾಡಿದವರು ಪಕ್ಕೆ ಪಕ್ಕೆಗಳ ನಡುವೆ ಫೋಮ್ ತುಂಬಿ, ಪಕ್ಕೆಯ ಮೇಲೆ ನೇರವಾಗಿ ಹಲಗೆ ಸ್ಕ್ರೂ ಮಾಡಿದ್ದಾರೆ. ಕಬ್ಬಿಣ ಫೋಮಿಗಿಂತ ಸಾವಿರ ಪಟ್ಟಿಗೂ ಮೀರಿ ಶಾಖ ಸಾಗಿಸುತ್ತದೆ. ಚಳಿಗೆ ಒಳಬರಲು ಅಷ್ಟೇ ದಾರಿ ಸಾಕು.

ಇದಕ್ಕೆ ಪರಿಹಾರ ಪಕ್ಕೆಗಳ ಮೇಲೂ ಎಲ್ಲೂ ಬಿಡದೆ ಒಂದು ಪದರ ಫೋಮ್ ಹೊದಿಸುವುದು. ಅದರ ಮೇಲೆ ಮರದ ಪಟ್ಟಿ, ಪಟ್ಟಿಗೆ ಹಲಗೆ. ಹಲಗೆಯ ಸ್ಕ್ರೂ ಮರದಲ್ಲೇ ಕೊನೆಯಾಗಬೇಕು, ಕಬ್ಬಿಣ ಮುಟ್ಟಬಾರದು. ಪಟ್ಟಿಯನ್ನು ಪಕ್ಕೆಗೆ ಹಿಡಿಸುವ ಸ್ಕ್ರೂಗಳು ಇದ್ದೇ ಇರುತ್ತವೆ, ಆದರೆ ಅವು ಹಲಗೆಯ ಹಿಂದೆ ಉಳಿಯುತ್ತವೆ, ಸಂಖ್ಯೆಯೂ ಕಡಿಮೆ.

ಹಾಸಿಗೆಯ ಕೆಳಗೆ ಗಟ್ಟಿ ಪ್ಲೈವುಡ್ ಬೇಡ, ಸಂದಿ ಬಿಟ್ಟ ಪಟ್ಟಿಗಳ ಮೇಲೆ ಹಾಸಿಗೆ ಹಾಕಿ. ಗೋಡೆಗೂ ಹಾಸಿಗೆಗೂ ಒಂದೆರಡು ಇಂಚು ಬಿಡಿ. ಚಾವಣಿಯ ಫ್ಯಾನನ್ನು ಸಣ್ಣಗೆ ಓಡಿಸುತ್ತಲೇ ಇರಿ. 'ಅಯ್ಯೋ, ಬಿಸಿ ಗಾಳಿ ಹೊರಗೆ ಹೋಗುತ್ತಲ್ಲ' ಅಂತ ಅನಿಸುತ್ತದೆ, ನಿಜ. ಆದರೆ ಮೈನಸ್ 20ರ ಗಾಳಿಯಲ್ಲಿ ತೇವ ಹೆಚ್ಚುಕಮ್ಮಿ ಇರುವುದೇ ಇಲ್ಲ. ಅದು ಒಳಗೆ ಬಂದು ಬಿಸಿಯಾದರೆ ಬಟ್ಟೆ ಒಣಗಿಸುವಷ್ಟು ಒಣ ಗಾಳಿ. ತೇವ ಕಳೆಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಪ್ರಶ್ನೆ: ಸ್ಪ್ರೇ ಫೋಮ್, ಫೋಮ್ ಶೀಟ್, ಗ್ಲಾಸ್ ವೂಲ್ (ಗಾಜಿನ ಎಳೆಯ ಉಣ್ಣೆ), ಬೆಳ್ಳಿ ಬಣ್ಣದ ಗುಳ್ಳೆ ಹಾಳೆ. ಇಷ್ಟರಲ್ಲಿ ಯಾವುದು?

ಗುಳ್ಳೆ ಹಾಳೆಯನ್ನು ಕಿಟಕಿಗೆ ರಾತ್ರಿ ಮರೆ ಮಾಡಲು ಇಟ್ಟುಕೊಳ್ಳಿ. ಗೋಡೆಗೆ ಅದೊಂದೇ ಸಾಕು ಅಂತ ಮಾರುವವರನ್ನು ನಂಬಬೇಡಿ. ತಗಡಿಗೆ ಅಂಟಿಸಿಬಿಟ್ಟರೆ ಅದರ ಹೊಳಪಿಗೆ ಕೆಲಸವೇ ಇಲ್ಲ, ಅದು ಶಾಖ ತಿರುಗಿಸಲು ಮುಂದೆ ಖಾಲಿ ಗಾಳಿಯ ಜಾಗ ಬೇಕು.

ಗ್ಲಾಸ್ ವೂಲ್ ಮನೆಗೆ ಚೆನ್ನ, ಬಸ್ಸಿಗೆ ನನಗೆ ಇಷ್ಟ ಇಲ್ಲ. ಒಳಗಿನ ತೇವದ ಗಾಳಿ ಅದರ ಮೂಲಕ ಸಲೀಸಾಗಿ ತಗಡಿನವರೆಗೆ ಹೋಗಿ ನೀರಾಗುತ್ತದೆ. ನೆನೆದ ಉಣ್ಣೆ ಕುಸಿದು ಕೆಳಗೆ ಮುದ್ದೆಯಾಗುತ್ತದೆ, ಮೇಲೆ ಖಾಲಿ. ಬಸ್ಸು ಓಡಾಡುವಾಗಿನ ಅದುರಾಟ ಬೇರೆ. ಹಳೇ ಬಸ್ಸಿನ ಒಳತಗಡು ಬಿಚ್ಚಿದವರಿಗೆ ಇದು ಗೊತ್ತಿರುತ್ತದೆ.

ಮೈನಸ್ 20ರಲ್ಲಿ ಇರುವವರಿಗೆ ಕ್ಲೋಸ್ಡ್ ಸೆಲ್ (ಒಳಗಿನ ಗುಳ್ಳೆಗಳೆಲ್ಲ ಮುಚ್ಚಿರುವ) ಸ್ಪ್ರೇ ಫೋಮ್ ಮೊದಲ ಆಯ್ಕೆ. ಇಂಚಿಗೆ ಅತಿ ಜಾಸ್ತಿ ಶಾಖ ತಡೆಯುತ್ತದೆ, ತಗಡಿಗೇ ಕಚ್ಚಿಕೊಳ್ಳುವುದರಿಂದ ತೇವದ ಗಾಳಿ ತಗಡು ಮುಟ್ಟೋದೇ ಇಲ್ಲ. ಆದರೆ ತಗಡು ಒಣಗಿರಬೇಕು, ತುಕ್ಕು ಉಜ್ಜಿ ತೆಗೆದಿರಬೇಕು, ಬೆಚ್ಚಗೂ ಇರಬೇಕು. ಅದಕ್ಕೇ ಈ ಕೆಲಸ ಬೇಸಿಗೆಯಲ್ಲೇ ಮುಗಿಸಿ. ವೈರುಗಳನ್ನು ಮೊದಲೇ ಪೈಪಿನೊಳಗೆ ಎಳೆದಿಡಿ, ಫೋಮ್ ಗಟ್ಟಿಯಾದ ಮೇಲೆ ಒಂದು ವೈರ್ ಬದಲಾಯಿಸಬೇಕೆಂದರೂ ಗೋಡೆ ಕೆತ್ತಬೇಕು. ಒಂದೇ ಸಲಕ್ಕೆ ದಪ್ಪಗೆ ಹೊಡೆಯಬಾರದು, ಒಳಗೇ ಬಿಸಿ ಏರುತ್ತದೆ. ಪದರ ಪದರವಾಗಿ ಹೊಡೆಸಿ. ಅದು ಹೊತ್ತಿಕೊಂಡರೆ ಹೊಗೆ ತುಂಬಾ ವಿಷ, ಹಾಗಾಗಿ ಬರಿದೆ ಬಿಡದೆ ಹಲಗೆ ಮುಚ್ಚಿಯೇ ಇರಬೇಕು.

ಸ್ವಂತ ಕೈಯಲ್ಲಿ ಮಾಡುವವರಿಗೆ ಪಾಲಿಸ್ಟೈರೀನ್ ಫೋಮಿನ ಗಟ್ಟಿ ಹಲಗೆ, ಅಂದರೆ ಎಕ್ಸ್‌ಪಿಎಸ್ ಶೀಟ್. ಕತ್ತರಿಸಿ ಕೂರಿಸಿ, ಸಂದಿಗಳಿಗೆಲ್ಲ ಕ್ಯಾನ್ ಫೋಮ್ ತುಂಬಿ, ಮೇಲೆ ಟೇಪ್. ಸಂದಿ ಬಿಟ್ಟರೆ ಶೀಟ್ ಎಷ್ಟು ದಪ್ಪ ಇದ್ದೂ ವ್ಯರ್ಥ. ಹಳದಿ ಪಾಲಿಐಸೋ (ಇನ್ನೊಂದು ಬಗೆಯ ಫೋಮ್) ಶೀಟಿನ ಮೇಲೆ ಬರೆದ, ಶಾಖ ಎಷ್ಟು ತಡೆಯುತ್ತದೆ ಅನ್ನುವ ಸಂಖ್ಯೆ ನೋಡಿ ಮರುಳಾಗಬೇಡಿ, ಕೊರೆಯುವ ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ.

ಪ್ರಶ್ನೆ: ನೆಲದ ಹಳೇ ಪ್ಲೈವುಡ್ ಗಟ್ಟಿಯಾಗೇ ಇದೆ. ಅದರ ಮೇಲೇ ಹೊಸ ನೆಲ ಹಾಕಬಹುದಾ?

ಬೇಡ. ಕಿತ್ತು ನೋಡಿ. ಸೀಟಿನ ಬೋಲ್ಟ್ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿದಿರುತ್ತದೆ, ಮಕ್ಕಳ ಬೂಟಿಗೆ ಅಂಟಿ ಬಂದ ಹಿಮ, ರಸ್ತೆಗೆ ಸುರಿದ ಉಪ್ಪು ಎಲ್ಲ ಅದರ ಕೆಳಗೇ ಸೇರಿರುತ್ತದೆ. ಮೇಲೆ ಗಟ್ಟಿ, ಕೆಳಗೆ ತಗಡು ಜಾಲರಿ. ತುಕ್ಕು ಉಜ್ಜಿ, ತೂತು ಮುಚ್ಚಿ, ಬಣ್ಣ ಬಳಿದು, ಆಮೇಲೆ ಎಕ್ಸ್‌ಪಿಎಸ್, ಅದರ ಮೇಲೆ ಪ್ಲೈವುಡ್. ನಡೆದಾಡಿದರೆ ಎಕ್ಸ್‌ಪಿಎಸ್ ಕುಗ್ಗಲ್ಲ.

ನಿಮ್ಮ ಎತ್ತರ ಮಾತ್ರ ಮೊದಲೇ ಅಳೆದುಕೊಳ್ಳಿ. ನೆಲಕ್ಕೆ 2 ಇಂಚು, ಚಾವಣಿಗೆ 2 ಇಂಚು, ಎರಡೂ ಕಡೆ ಹಲಗೆ. ಹತ್ತು ಹನ್ನೆರಡು ಸೆಂಟಿಮೀಟರ್ ಹೋಗೇ ಹೋಯಿತು. ಆರಡಿ ಇರುವವರು ತಲೆ ತಗ್ಗಿಸಿ ಬದುಕಬೇಕಾಗುತ್ತದೆ. ಕಿಟಕಿ ಮಟ್ಟದಲ್ಲಿ ಪಕ್ಕೆ ಕತ್ತರಿಸಿ, ಹೊಸ ಕಬ್ಬಿಣ ಬೆಸೆದು ಚಾವಣಿ ಎತ್ತಿಸುವವರಿದ್ದಾರೆ. ವೆಲ್ಡಿಂಗ್ ಬಲ್ಲವರ ಕೆಲಸ ಅದು, ಯಾರೋ ಮಾಡಿದ್ದು ನೋಡಿ ಕೈ ಹಾಕಬೇಡಿ.

ಪ್ರಶ್ನೆ: ಮಗ ಈ ಚಳಿಗಾಲ ಬಸ್ಸಲ್ಲೇ ಇರ್ತಾನಂತೆ. ಸೌದೆ ಒಲೆ ಹಾಕಿಸಿದ್ದಾನೆ, ಡೀಸೆಲ್ ಹೀಟರೂ ಇದೆಯಂತೆ. ರಾತ್ರಿ ನನಗೆ ನಿದ್ದೆ ಬರ್ತಿಲ್ಲ. ಅವನಿಗೆ ಏನು ಹೇಳಲಿ?

ಅಮ್ಮಾ, ನಿಮ್ಮ ಭಯ ಸುಮ್ನೆ ಅಲ್ಲ. ಆದರೆ 'ಬೇಡ' ಅಂದರೆ ಅವನು ಕೇಳಲ್ಲ, ಹಾಗಾಗಿ ಬೇರೆ ಪ್ರಶ್ನೆ ಕೇಳಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿದ್ದೀಯಾ, ಮಲಗುವ ಕಡೆ ಇದೆಯಾ, ಅದರ ಬಟನ್ ಒತ್ತಿ ನೋಡಿದ್ದೀಯಾ ಅಂತ ಕೇಳಿ. ಒಲೆ, ಹೀಟರಿನ ಹೊಗೆಯಲ್ಲಿರುವ ಆ ವಿಷ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ ಶುರುವಾದಾಗ ಜನ ಜ್ವರ ಅಂದುಕೊಂಡು ಮಲಗಿಬಿಡುತ್ತಾರೆ, ಅದೇ ಅಪಾಯ. ಹೊಗೆ ಅಲಾರಂ ಬೇರೆ, ಇದು ಬೇರೆ, ಎರಡೂ ಬೇಕು. ಬಾಗಿಲ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್, ಮಲಗುವ ಕಡೆಯಿಂದ ಒಲೆ ದಾಟದೆ ಹೊರಹೋಗಲು ಒಂದು ದಾರಿ. ಹಿಮ ಬಿದ್ದ ರಾತ್ರಿ ಆ ಬಾಗಿಲು ಹೊರಗಿನಿಂದ ಹೂತುಹೋಗಿಲ್ಲ ಅಂತ ನೋಡಿಕೊಳ್ಳಬೇಕು.

ಒಲೆ ಬಗ್ಗೆ ಅವನಿಗೇ ಹೇಳುತ್ತೇನೆ, ಓದಿಸಿ. ಸೌದೆ ಚೆನ್ನಾಗಿ ಒಣಗಿರಲಿ, ತೇವ ಶೇಕಡಾ 20ಕ್ಕಿಂತ ಕಡಿಮೆ. ರಾತ್ರಿ ಪೂರ್ತಿ ಉರಿಯಲಿ ಅಂತ ಗಾಳಿ ಮುಚ್ಚಿ ಹಸಿ ಸೌದೆ ತುರುಕಿದರೆ ಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ, ಅದಕ್ಕೇ ಒಂದು ದಿನ ಬೆಂಕಿ ಹತ್ತುತ್ತದೆ. ಚಾವಣಿ ದಾಟುವ ಕಡೆ ಎರಡು ಪದರದ ಕೊಳವೆಯೇ ಆಗಬೇಕು. ಬಸ್ಸಿನ ಸಣ್ಣ ಒಲೆಗೆ ಹಿಡಿಯುವುದೇ ನಾಲ್ಕು ತುಂಡು ಸೌದೆ, ಮೂರು ನಾಲ್ಕು ಗಂಟೆಯೊಳಗೆ ತಣ್ಣಗಾಗುತ್ತದೆ. ಹಾಗಾಗಿ ಸಂಜೆಗೆ ಒಲೆ, ರಾತ್ರಿಗೆ ಡೀಸೆಲ್. ನನ್ನ ಪ್ರಕಾರ ಎರಡೂ ಇಟ್ಟುಕೊಂಡವನು ಜಾಣ, ಒಂದು ಕೈಕೊಟ್ಟರೆ ಇನ್ನೊಂದಿದೆ.

ಡೀಸೆಲ್ ಹೀಟರನ್ನು ದಿನವಿಡೀ ಸಣ್ಣ ಉರಿಯಲ್ಲೇ ಇಟ್ಟರೆ ಒಳಗೆ ಮಸಿ ತುಂಬಿ ಹೊತ್ತಿಕೊಳ್ಳುವುದೇ ನಿಲ್ಲುತ್ತದೆ. ದಿನಕ್ಕೊಮ್ಮೆ ಪೂರ್ತಿ ಜೋರಾಗಿ ಓಡಿಸಿ. ಆರಿಸುವಾಗ ಅದರ ಸ್ವಿಚ್ಚಿನಿಂದಲೇ ಆರಿಸಿ, ಬ್ಯಾಟರಿ ತಂತಿ ಕೀಳಬೇಡಿ. ಫ್ಯಾನ್ ಇನ್ನೂ ಕೆಲವು ನಿಮಿಷ ತಿರುಗಿ ಒಳಗಿನ ಬಿಸಿ ಇಳಿಸಬೇಕು. ಚಳಿಗಾಲದ ಡೀಸೆಲ್ಲೇ ಹಾಕಿಸಿ, ಬೇಸಿಗೆಯ ಡೀಸೆಲ್ ಚಳಿಗೆ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಬಿಡುತ್ತದೆ.

ಪ್ರಶ್ನೆ: ಗ್ಯಾಸ್ ಒಲೆ ಬೆಳಗ್ಗೆ ಹೊತ್ತಿಕೊಳ್ಳುವುದೇ ಇಲ್ಲ. ಸಿಲಿಂಡರ್ ತುಂಬಿದೆ.

ಒಳಗಿರುವುದು ಬ್ಯೂಟೇನ್ ಜಾಸ್ತಿ ಇರುವ ಮಿಶ್ರಣ ಇರಬೇಕು. ಅದು ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಶುದ್ಧ ಪ್ರೊಪೇನ್ ಕೇಳಿ ತನ್ನಿ. ಸಿಲಿಂಡರನ್ನು ಬೆಂಕಿಯಿಂದ ಬಿಸಿ ಮಾಡುವ ಬುದ್ಧಿ ಮಾತ್ರ ಬೇಡ, ಇದನ್ನು ಮಾಡುವವರು ನಿಜವಾಗಲೂ ಇದ್ದಾರೆ.

ಪ್ರಶ್ನೆ: ನೀರಿನ ಟ್ಯಾಂಕನ್ನು ಜಾಗ ಉಳಿಯಲಿ ಅಂತ ಬಸ್ಸಿನ ಕೆಳಗೆ ಕಟ್ಟಿಸಿದ್ದೇನೆ. ಸುತ್ತ ಫೋಮ್ ಸುತ್ತಿದರೆ ಸಾಕಾ?

ಸಾಕಾಗಲ್ಲ. ಫೋಮ್ ಬಿಸಿ ಹುಟ್ಟಿಸಲ್ಲ, ತಣ್ಣಗಾಗೋದನ್ನು ನಿಧಾನ ಮಾಡುತ್ತದೆ, ಅಷ್ಟೇ. ವಾರಗಟ್ಟಲೆ ಸೊನ್ನೆಗಿಂತ ಕೆಳಗಿದ್ದರೆ ಅದು ಹೆಪ್ಪುಗಟ್ಟಿಯೇ ತೀರುತ್ತದೆ. ನೀರು ಮಂಜಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪಿನ ಜೋಡಣೆ, ಪಂಪ್, ನಲ್ಲಿ ಏನು ಸಿಕ್ಕರೂ ಸೀಳುತ್ತದೆ. ಕುಡಿಯುವ ನೀರಿನ ಟ್ಯಾಂಕ್, ಪಂಪ್, ಪೈಪು ಎಲ್ಲ ಬಿಸಿ ಗೋಡೆಯ ಒಳಗೇ ಇರಲಿ. ಹೊರಗೋಡೆಗೆ ಅಂಟಿದ ಮುಚ್ಚಿದ ಕಪಾಟಿನೊಳಗೆ ಪೈಪ್ ಇದ್ದರೆ ಅದೂ ಹೊರಗಿದ್ದ ಹಾಗೇ, ಕಪಾಟಿಗೆ ತೂತು ಕೊರೆದು ಬಿಸಿ ಗಾಳಿ ಹೋಗಲು ಬಿಡಿ. ಬಳಸಿದ ನೀರಿಗೆ ಚಳಿಗಾಲದಲ್ಲಿ ಸಿಂಕಿನ ಕೆಳಗೊಂದು ಬಕೆಟ್. ಚಂದ ಕಾಣಲ್ಲ, ಆದರೆ ಒಡೆಯುವುದಕ್ಕೆ ಏನೂ ಇರಲ್ಲ.

ಬಸ್ಸು ಒಂದೇ ಕಡೆ ನಿಲ್ಲುವುದಾದರೆ ನೆಲದವರೆಗೆ ಸುತ್ತಲೂ ಹಲಗೆಯನ್ನೋ ಫೋಮ್ ಶೀಟನ್ನೋ ಕಟ್ಟಿ ಕೆಳಗೆ ಗಾಳಿ ನುಗ್ಗದ ಹಾಗೆ ಮಾಡಿ, ಕಾಲು ತಣ್ಣಗಾಗುವುದು ಅರ್ಧ ಕಡಿಮೆಯಾಗುತ್ತದೆ. ಹೀಟರಿನ ಹೊಗೆ ಕೊಳವೆ ಮಾತ್ರ ಈ ಮರೆಯ ಆಚೆಗೆ ಬಾಯಿ ಬಿಡಬೇಕು, ಒಳಗೆ ಬಿಟ್ಟರೆ ವಿಷದ ಹೊಗೆ ನೆಲದ ತೂತಿನಿಂದ ಮೇಲೆ ಬರುತ್ತದೆ.

ಪ್ರಶ್ನೆ: ಲಿಥಿಯಂ ಬ್ಯಾಟರಿ, ಸೋಲಾರ್ ಹಾಕಿದ್ದೇನೆ. ಬ್ಯಾಟರಿ ಬಸ್ಸಿನ ಡಿಕ್ಕಿಯಲ್ಲಿದೆ. ತೊಂದರೆ ಇದೆಯಾ?

ಇದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು. ಲಿಥಿಯಂ ಒಳಗೆ ಲೋಹವಾಗಿ ಕಟ್ಟಿಕೊಂಡು ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಬಳಸುವುದಕ್ಕೆ ಪರವಾಗಿಲ್ಲ, ಚಾರ್ಜಿಗೇ ತಕರಾರು. ಮಂಚದ ಕೆಳಗೆ ತಂದಿಡಿ, ಇಲ್ಲವೇ ಒಳಗೇ ಹೀಟರ್ ಇರುವ ಬ್ಯಾಟರಿ ತನ್ನಿ. ಇಂಜಿನ್ನಿನ ಸೀಸದ ಬ್ಯಾಟರಿಯನ್ನು ಪೂರ್ತಿ ಚಾರ್ಜಿನಲ್ಲಿಡಿ. ಖಾಲಿಯಾದದ್ದು ಮೈನಸ್ 10ರ ಹತ್ತಿರವೇ ಹೆಪ್ಪುಗಟ್ಟಿ ಒಡೆಯುತ್ತದೆ, ತುಂಬಿದ್ದಕ್ಕೆ ಆ ಭಯ ಇಲ್ಲ. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಓಡಾಡುವುದರಿಂದ ಚಾವಣಿಗೆ ಮಲಗಿಸಿದ ಪ್ಯಾನೆಲ್ ಹೆಚ್ಚು ಕೊಡಲ್ಲ, ಮೇಲಿಂದ ಹಿಮ ಬೇರೆ ಮುಚ್ಚುತ್ತದೆ. ಓರೆಯಾಗಿ ನಿಲ್ಲಿಸುವ ವ್ಯವಸ್ಥೆ ಇದ್ದರೆ ಎರಡೂ ಸರಿಹೋಗುತ್ತದೆ.

ಪ್ರಶ್ನೆ: ಚಳಿಗಾಲದ ಮಧ್ಯೆ ಒಂದು ತಿಂಗಳು ಬಸ್ಸಿಗೆ ಬೀಗ ಹಾಕಿ ಹೋಗಬೇಕು. ಹೀಟರ್ ಹಾಕಿಟ್ಟು ಹೋಗಲಾ?

ಖಂಡಿತ ಬೇಡ, ಆರಿಸಿಯೇ ಹೋಗಿ. ಟ್ಯಾಂಕ್, ಪಂಪ್, ಪೈಪುಗಳ ನೀರನ್ನೆಲ್ಲ ಖಾಲಿ ಮಾಡಿ, ನಲ್ಲಿಗಳನ್ನು ತೆರೆದಿಡಿ. ಸಿಂಕಿನ ಕೆಳಗಿನ ಬಾಗಿದ ಪೈಪಲ್ಲಿ ನೀರು ಉಳಿದಿರುತ್ತದೆ, ಅದಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸುರಿಯಿರಿ. ಇಂಜಿನ್ನಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡ. ಲಿಥಿಯಂ ಬ್ಯಾಟರಿಗೆ ಸೋಲಾರ್ ಚಾರ್ಜ್ ಹೋಗದ ಹಾಗೆ ತಂತಿ ಬಿಡಿಸಿ. ಕಪಾಟುಗಳ ಬಾಗಿಲು ತೆರೆದಿರಲಿ, ಹಾಸಿಗೆಯನ್ನು ಗೋಡೆಗೆ ತಾಗದ ಹಾಗೆ ನಿಲ್ಲಿಸಿ. ವಾಪಸ್ ಬಂದ ದಿನ ಎಷ್ಟೇ ಚಳಿ ಇರಲಿ, ಹೀಟರ್ ಹಚ್ಚುವ ಮೊದಲು ಹೊರಗೆ ಒಂದು ಸುತ್ತು ಹಾಕಿ, ಹೊಗೆ ಕೊಳವೆಯ ಬಾಯಿಗೆ ಹಿಮ ಮುಚ್ಚಿದೆಯಾ ಅಂತ ಕೈಯಿಂದ ಕೆದಕಿ ನೋಡಿ.